ಬತ್ತಿದ ನಗರದಲ್ಲಿ ಬಾವಿ ತೋಡುವವರು

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಒಬ್ಬ ಮಗನನ್ನೋ ಮಗಳನ್ನೋ ಬೆಂಗಳೂರಿಗೆ ಕಳುಹಿಸದ ಮನೆ ಇಂದು ವಿರಳ. ಅಲ್ಲಿನ ಸುಖದುಃಖ ಇಲ್ಲಿಯ ಚಾವಡಿಯಲ್ಲಿ ಮಾತಾಗುತ್ತದೆ. 2024ರ ಬೇಸಗೆಯಲ್ಲಿ ಆ ಮಾತೆಲ್ಲ ನೀರಿನದಾಗಿತ್ತು. ನಗರದ ಸುಮಾರು 14,000 ಸರಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಸರಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಹೂಗಿಡಗಳಿಗೆ ಹೊಯ್ದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಟ್ಯಾಂಕರಿನವರು ಹೇಳಿದ್ದೇ ದರವಾಯಿತು. ಇಂಥ ನಗರದಲ್ಲಿಯೂ ಇಪ್ಪತ್ತು ಮೂವತ್ತು ಅಡಿಯ ತೆರೆದ ಬಾವಿಗಳನ್ನು ನಂಬಿದ ಜನ ಇದ್ದಾರೆ, ಅವುಗಳನ್ನು ತೋಡುವ ಕೈಗಳಿಗೆ ಈಗ ಮತ್ತೆ ಕೆಲಸ ಬಂದಿದೆ ಎಂದರೆ ನಮ್ಮ ಓದುಗರಿಗೆ ಆಶ್ಚರ್ಯವಾಗಬಹುದು.

ಬೆಂಗಳೂರಿಗೆ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಬ್ಬದ ಮೇಲೆ ಕುಳಿತ ಊರು ಅದು. ಒಂದು ಮಗ್ಗುಲಿಗೆ ಬಿದ್ದ ಮಳೆ ಅರ್ಕಾವತಿಯ ಮೂಲಕ ಕಾವೇರಿಗೆ, ಇನ್ನೊಂದು ಮಗ್ಗುಲಿನದು ದಕ್ಷಿಣ ಪಿನಾಕಿನಿಗೆ ಹರಿದುಹೋಗುತ್ತದೆ. ಅದಕ್ಕೆಂದೇ ಹಿಂದಿನವರು ಒಂದು ಕೆರೆ ತುಂಬಿದರೆ ಕೋಡಿ ಹರಿದು ಮುಂದಿನ ಕೆರೆಗೆ ನೀರು ಸೇರುವಂತೆ ಸಾಲುಗೆರೆಗಳನ್ನು ಕಟ್ಟಿದರು. ಆಮೇಲೆ ಬಂತು ಕೊಳವೆಯ ಕಾಲ. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿಯದು. ಕಾವೇರಿಯ ಐದನೆಯ ಹಂತ 2024ರ ಅಕ್ಟೋಬರದಲ್ಲಿ ಆರಂಭವಾಯಿತು. ಈ ನೀರು ಸುಮಾರು 100 ಕಿಲೋಮೀಟರು ದೂರದಿಂದ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಪಂಪು ಮಾಡಿ ಅದನ್ನು ಸುಮಾರು 500 ಮೀಟರು ಮೇಲಕ್ಕೆತ್ತಬೇಕು. ನಲ್ಲಿ ತಿರುಗಿಸುವವನಿಗೆ ಇದೊಂದೂ ತಿಳಿಯದು. ಕೊಳವೆ ಬಂದಷ್ಟಕ್ಕೂ ಹಿತ್ತಿಲ ಬಾವಿಗೆ ಕಸ ಬಿತ್ತು, ಅನೇಕ ಬಾವಿಗಳ ಮೇಲೆ ಮನೆಗಳೇ ಎದ್ದವು. ಕಾವೇರಿ ತಲಪದ ಹೊರವಲಯದವರು ನೂರಾರು ಅಡಿ ಕೊರೆಸಿದರು, ಅದು ಬತ್ತಿದರೆ ಇನ್ನೂ ಕೆಳಗೆ ಕೊರೆಸಿದರು.

ಕಾನೂನು ಸುಮ್ಮನಿರಲಿಲ್ಲ. 2009ರಲ್ಲಿ ಜಲಮಂಡಳಿಯ ಕಾಯಿದೆಗೆ ತಿದ್ದುಪಡಿ ತಂದು, 60×40 ಅಡಿಯ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೂ, 30×40 ಅಡಿಯ ಮತ್ತು ಮೇಲ್ಪಟ್ಟ ನಿವೇಶನಗಳ ಹೊಸ ಮನೆಗಳಿಗೂ ಮಳೆಕೊಯ್ಲನ್ನು ಕಡ್ಡಾಯ ಮಾಡಿದರು. ಜನರಿಗೆ ಕಣ್ಣಾರೆ ತೋರಿಸಲು ಜಯನಗರದಲ್ಲಿ ಒಂದು ಉದ್ಯಾನವನ್ನೂ ತೆರೆದರು. ಆದರೆ ತಿಂಗಳು ತಿಂಗಳು ದಂಡ ಕಟ್ಟಿಯಾದರೂ ಇದ್ದೇವು, ಅಂಗಳ ಅಗೆಸೆವು ಎಂದವರು ಸಾವಿರಾರು ಮಂದಿ. ಹಣವಿರುವವನಿಗೆ ದಂಡವೂ ಒಂದು ಬಾಡಿಗೆಯಂತೆಯೇ ಕಾಣುತ್ತದೆ. ಕೊಳವೆ ಜೋಡಿಸಿ ಚರಂಡಿಗೆ ಬಿಟ್ಟು ಇನ್‌ಸ್ಪೆಕ್ಟರರಿಗೆ ತೋರಿಸುವ ಜಾಣತನವೂ ನಮ್ಮ ದೇಶಕ್ಕೆ ಹೊಸತಲ್ಲವಷ್ಟೆ.

ಕಾನೂನಿನ ಭಯವಿಲ್ಲದೆ ಕೆಲಸವಾದ ಕಡೆ ಯಾವುದೆಂದರೆ, ನೆರೆಹೊರೆಯವರು ಕುಳಿತು ಮಾತಾಡಿಕೊಂಡ ಕಡೆ. ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆ ಇದಕ್ಕೆ ಹೆಸರಾದುದು. ಮುನ್ನೂರಕ್ಕೆ ಮಿಕ್ಕಿದ ನಿವೇಶನಗಳಿರುವ ಅಲ್ಲಿಗೆ ಕಾವೇರಿ ನೀರು ಇರಲಿಲ್ಲ. ಇದ್ದ ಕೆಲವೇ ಸಮುದಾಯದ ಕೊಳವೆಬಾವಿಗಳು ಒಂದೊಂದಾಗಿ ಕೈಕೊಡತೊಡಗಿದಾಗ ನಿವಾಸಿಗಳ ಸಂಘ ಕೆಲವು ಕಟ್ಟುಗಳನ್ನು ಮಾಡಿಕೊಂಡಿತು. ಯಾರೂ ತಮ್ಮ ನಿವೇಶನದಲ್ಲಿ ಸ್ವಂತ ಕೊಳವೆಬಾವಿ ಕೊರೆಸಬಾರದು. ಪ್ರತಿ ಮನೆಯವರೂ ಮಾಡಿನ ನೀರನ್ನು ನೆಲಕ್ಕಿಳಿಸುವ ಇಂಗುಬಾವಿ ಮಾಡಬೇಕು. ನೀರಿಗೆ ಮೀಟರು, ಹೆಚ್ಚು ಬಳಸಿದವನಿಗೆ ಹೆಚ್ಚು ದರ. ಇವುಗಳಲ್ಲಿ ಮೊದಲನೆಯದೇ ಕಷ್ಟದ್ದು. "ನನ್ನ ಜಾಗ, ನನ್ನ ದುಡ್ಡು, ನಾನು ಕೊರೆಸುತ್ತೇನೆ" ಎನ್ನುವವನಿಗೆ, ಜಾಗ ನಿನ್ನದೇ, ಆದರೆ ಅಡಿಯ ನೀರಿಗೆ ಬೇಲಿಯಿಲ್ಲವಲ್ಲ ಎಂದು ತಿಳಿಹೇಳಬೇಕು. ಒಬ್ಬ ಐನೂರು ಅಡಿಯಿಂದ ಎಳೆದರೆ ಪಕ್ಕದವನ ಪಂಪು ಗಾಳಿ ಕುಡಿಯುತ್ತದೆ. ಇದನ್ನು ಒಪ್ಪಿಸಲು ಅಲ್ಲಿನವರಿಗೆ ವರ್ಷಗಟ್ಟಲೆ ಸಭೆ ನಡೆಸಬೇಕಾಯಿತು.

ಹಾಗೆಂದು ಅದು ಸ್ವರ್ಗವೇನೂ ಅಲ್ಲ. 2022ರ ಸೆಪ್ಟೆಂಬರದ ಮಹಾಮಳೆಗೆ ಇದೇ ಬಡಾವಣೆ ಮುಳುಗಿತು. ಜನರನ್ನು ದೋಣಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹೊರತಂದರು. ಊರಿಡೀ ರಾಜಕಾಲುವೆಗಳನ್ನೂ ಕೆರೆಯಂಗಳಗಳನ್ನೂ ಕಟ್ಟಡಗಳು ನುಂಗಿರುವಾಗ ಒಂದು ಬಡಾವಣೆಯ ಇಂಗುಬಾವಿಗಳು ಎಷ್ಟೆಂದು ಕುಡಿದಾವು?

ಇನ್ನು ಆ ಬಾವಿಗಳನ್ನು ತೋಡುವವರ ಮಾತು. ಮಣ್ಣುವಡ್ಡರೆಂದು ಕರೆಯಲ್ಪಡುವ, ಭೋವಿ ಸಮುದಾಯದ ಈ ಕೆಲಸಗಾರರು ಸರ್ಜಾಪುರದ ಆಸುಪಾಸಿನ ಹಳ್ಳಿಗಳಲ್ಲಿದ್ದಾರೆ. ಕೆರೆ ಕಟ್ಟುವುದು, ಬಾವಿ ತೋಡುವುದು ತಲೆತಲಾಂತರದಿಂದ ಬಂದ ಕಸುಬು. ಹೆಚ್ಚಿನವರ ಮನೆಮಾತು ತೆಲುಗು, ಬೀದಿಯಲ್ಲಿ ಕನ್ನಡ. ಮನೆಯೊಳಗೊಂದು ಮಾತು, ಹೊರಗೊಂದು ಮಾತು ಎಂದರೇನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಬೋರ್‌ವೆಲ್ ಲಾರಿ ಬಂದ ಮೇಲೆ ಇವರ ಕಸುಬು ಬಿದ್ದುಹೋಯಿತು; ಪಾಯ ತೋಡುವುದು, ಗುಂಡಿ ತೆಗೆಯುವುದು ಮುಂತಾಗಿ ಸಿಕ್ಕಿದ ಕೂಲಿಗೆ ಹೋದರು. ಬೆಂಗಳೂರಿನಲ್ಲಿ ನೀರಿನ ಕೆಲಸ ಮಾಡುತ್ತಿರುವ ಎಸ್. ವಿಶ್ವನಾಥ್ ಮತ್ತು ಅವರ ಬಯೋಮ್ ಸಂಸ್ಥೆಯವರು ಇವರನ್ನು ಹುಡುಕಿ ಹಿಡಿದು, ನಗರಕ್ಕೆ ಹತ್ತು ಲಕ್ಷ ಇಂಗುಬಾವಿ ಬೇಕೆಂಬ ಅಭಿಯಾನ ತೊಡಗಿದರು. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳೆತ್ತಿ ನೀರು ಕಾಣಿಸಿದವರೂ ಈ ಜನರೇ.

ಕೆಲಸದ ಕ್ರಮ ಸರಳ. ನಾಲ್ಕೈದು ಮಂದಿಯ ಗುಂಪು. ಹಾರೆ, ಗುದ್ದಲಿ, ಹಗ್ಗ, ಬುಟ್ಟಿ. ಒಬ್ಬ ಒಳಗೆ ಕುಳಿತು ಅಗೆಯುತ್ತಾನೆ, ಉಳಿದವರು ಮಣ್ಣು ಎಳೆಯುತ್ತಾರೆ. ಸುಮಾರು ಮೂರರಿಂದ ಐದು ಅಡಿ ಅಗಲ, ಇಪ್ಪತ್ತು ಮೂವತ್ತು ಅಡಿ ಆಳ. ಬದಿ ಕುಸಿಯದಂತೆ ಸಿಮೆಂಟಿನ ಬಳೆಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಬಳೆಗಳ ಸಂದಿಗೆ ಗಾರೆ ಬಳಿಯುವುದಿಲ್ಲ, ತಳಕ್ಕೆ ಕಾಂಕ್ರೀಟು ಹಾಕುವುದಿಲ್ಲ. ನೀರು ಹೊರಹೋಗಲೆಂದೇ ಅಲ್ಲವೆ ಬಾವಿ! ಮಣ್ಣಿನ ಬಣ್ಣ, ಕೈಗೆ ಸಿಕ್ಕುವ ಹದ ನೋಡಿ ಎಲ್ಲಿಗೆ ನಿಲ್ಲಿಸಬೇಕೆಂದು ಹೇಳುವ ಅವರ ತಿಳಿವಳಿಕೆ ಶಾಲೆಯಲ್ಲಿ ಕಲಿತದ್ದಲ್ಲ.

ಕೆರೆಗಳ ವಿಷಯದಲ್ಲಿಯೂ ನೆರೆಹೊರೆಯ ಸಂಘಗಳು ಮಾಡಿದ್ದು ಸಣ್ಣದಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು 2010ರಿಂದ ಸುತ್ತಲಿನ ನಿವಾಸಿಗಳ ಟ್ರಸ್ಟು ನೋಡಿಕೊಂಡು ಬಂದಿದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ, ಉತ್ತರದ ಜಕ್ಕೂರು ಕೆರೆಗಳದೂ ಇಂಥದೇ ಕತೆ. ಜಕ್ಕೂರಿನಲ್ಲಿ ಶುದ್ಧೀಕರಿಸಿದ ಕೊಳಚೆನೀರು ಆಪು ಜೊಂಡು ಬೆಳೆದ ಜೌಗಿನಲ್ಲಿ ಹಾದು ಕೆರೆ ಸೇರುತ್ತದೆ. ಇನ್ನೊಂದೆಡೆ 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನೂ ಅದೇ ನಗರ ಕಂಡಿದೆ.

ಇಷ್ಟೆಲ್ಲ ಬೆಂಗಳೂರಿನ ಸಮಾಚಾರ ನಮಗೇಕೆ? ಲೆಕ್ಕ ಹಾಕಿ ನೋಡೋಣ. ಸಾವಿರ ಚದರಡಿಯ ಮಾಡೆಂದರೆ 93 ಚದರ ಮೀಟರು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರು. ಆ ಮಾಡಿನ ಮೇಲೆ ವರ್ಷಕ್ಕೆ ಬೀಳುವುದು 90,000 ಲೀಟರು. ನಮ್ಮ ಜಿಲ್ಲೆಯಲ್ಲಿ ಸುಮಾರು 3,500 ಮಿಲಿಮೀಟರು. ಅದೇ ಮಾಡಿಗೆ ಮೂರೂಕಾಲು ಲಕ್ಷ ಲೀಟರು. ದಿನಕ್ಕೆ ತಲೆಗೆ 135 ಲೀಟರಿನಂತೆ ನಾಲ್ಕು ಮಂದಿಯ ಮನೆಗೆ ವರ್ಷಕ್ಕೆ ಎರಡು ಲಕ್ಷ ಲೀಟರು ಧಾರಾಳವಾಯಿತು. ಹೀಗಿದ್ದೂ 2017ರ ಅಂತರ್ಜಲ ಅಂದಾಜಿನಲ್ಲಿ ಕಾಸರಗೋಡು ಬ್ಲಾಕು ಗಂಭೀರ ಸ್ಥಿತಿಯ ಪಟ್ಟಿಯಲ್ಲಿತ್ತು. ಆಟಿಯಲ್ಲಿ ಅಂಗಳ ಹೊಳೆಯಾದರೂ ಮೀನದ ತಿಂಗಳಿಗೆ ಕೊಡಪಾನ ಹಿಡಿದು ನಿಲ್ಲುವುದು ನಮ್ಮಲ್ಲಿ ಎಷ್ಟೋ ಕಡೆ ಇದೆ. ನಮ್ಮ ಮುರಕಲ್ಲಿನ ಗುಡ್ಡ ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ತೋಡು, ಹೊಳೆ, ಕಡಲು ಹತ್ತಿರವೇ ಇವೆ. ಇದನ್ನು ತಿಳಿದೇ ಹಿರಿಯರು ಗುಡ್ಡದ ಬದಿಗೆ ಆಳೆತ್ತರದ ಸುರಂಗ ಕೊರೆದು ಪಂಪಿಲ್ಲದೆ ನೀರು ಹರಿಸಿದರು, ಮೇಲೆ ಮದಕ ಕಾಪಾಡಿದರು, ತೋಡಿಗೆ ವರ್ಷ ವರ್ಷ ಕಟ್ಟ ಕಟ್ಟಿದರು. ಕಟ್ಟವೆಂಬುದು ಒಬ್ಬನ ಕೆಲಸವಲ್ಲ. ತೋಡಿನ ಎರಡು ಬದಿಯ ತೋಟದವರು ಒಟ್ಟಾಗಬೇಕು. ರೈನ್‌ಬೋ ಡ್ರೈವಿನವರು ಸಭೆ ಸೇರಿ ಕಲಿತದ್ದು ಇದನ್ನೇ. ನಾವಾದರೋ ಈಗ ಬೇಲಿಯ ಆಚೆಗೊಂದು ಈಚೆಗೊಂದು ಬೋರು ಕೊರೆಸುತ್ತಿದ್ದೇವೆ.

ಮಳೆಕೊಯ್ಲಿನ ಅರಿವನ್ನು ಕನ್ನಡದಲ್ಲಿ ಹರಡಿದವರು ನಮ್ಮದೇ ಎಣ್ಮಕಜೆ ಪಂಚಾಯತಿನ ಶ್ರೀ ಪಡ್ರೆಯವರು. ಸರಕಾರಿ ಸುತ್ತೋಲೆ ಕನ್ನಡದಲ್ಲಿ ಬರಲೆಂದು ಕಾದು ಕುಳಿತರೆ ಎಷ್ಟು ಮಳೆಗಾಲ ಹೋದೀತೆಂದು ಓದುಗರು ಬಲ್ಲರು. ಅವರ ಬರೆಹಗಳಾದರೋ ಕೈಗೆ ಸಿಗುವಂಥವು. ನಮ್ಮ ರಾಜ್ಯದ್ದೇ ಮೇಲ್ಪಂಕ್ತಿ ಬೇಕಿದ್ದರೆ ತೃಶ್ಶೂರು ಜಿಲ್ಲೆಯಲ್ಲಿ 2008ರಲ್ಲಿ ತೊಡಗಿದ 'ಮಳಪ್ಪೊಲಿಮ' ಉಂಟು. ಮಾಡಿನ ನೀರನ್ನು ಇದ್ದ ತೆರೆದ ಬಾವಿಗೇ ಇಳಿಸುವ ಯೋಜನೆಯದು. ಬೇಸಗೆಯಲ್ಲಿ ಬತ್ತುತ್ತಿದ್ದ ಬಾವಿಗಳಲ್ಲಿ ನೀರು ನಿಂತ ಅನುಭವ ಅಲ್ಲಿನವರದು.

ಮಾಡಬೇಕಾದ್ದು ಹೆಚ್ಚೇನಿಲ್ಲ. ಅಡಕೆ ದಂಬೆಯ ಜಾಗದಲ್ಲಿ ಈಗ ಪಿವಿಸಿ ದಂಬೆ ಬಂದಿದೆ. ಮಾಡಿನ ಅಂಚಿಗೆ ಅದನ್ನು ಕಟ್ಟಿ, ಒಂದು ಡ್ರಮ್ಮಿನಲ್ಲಿ ಜೆಲ್ಲಿ, ಇದ್ದಲು, ಮರಳು ಪದರಪದರವಾಗಿ ತುಂಬಿ ನೀರನ್ನು ಅದರ ಮೂಲಕ ಬಾವಿಗೆ ಬಿಡಬೇಕು. ಅಂಗಳದ, ಹಟ್ಟಿಯ, ರಸ್ತೆಯ ನೀರು ಕುಡಿಯುವ ಬಾವಿಗೆ ಖಂಡಿತ ಕೂಡದು. ಅದಕ್ಕೆ ದೂರದಲ್ಲಿ ಬೇರೆ ಇಂಗುಗುಂಡಿ. ಕೊಳವೆಯ ಬುಡದಲ್ಲಿ ಬಿಚ್ಚಿ ಹಾಕುವ ಒಂದು ಮುಚ್ಚಳ ಇರಲಿ. ಕೆಲಸ ಪತ್ತನಾಜೆಯೊಳಗೆ ಮುಗಿದರೆ, ಮೊದಲ ಒಂದೆರಡು ಮಳೆಯನ್ನು ಮಾಡು ತೊಳೆಯಲು ಹೊರಗೆ ಬಿಟ್ಟು, ಮುಚ್ಚಳ ಹಾಕಿ, ಮುಂದಿನದನ್ನು ಬಾವಿಗೆ ಹಿಡಿಯಬಹುದು.