ವಂತಿಗೆಯಿಂದ ಬಿಡುಗಡೆ ಪಡೆದ ತಂತ್ರಾಂಶ

2025ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ‘ಫ್ಲೋ’ ಎಂಬ ಚಲಚ್ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. ಲ್ಯಾಟ್ವಿಯ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಎಂಬವರು ನಿರ್ದೇಶಿಸಿದ ಈ ಚಿತ್ರದಲ್ಲಿ ಒಂದು ಮಾತೂ ಇಲ್ಲ. ಮಹಾಪ್ರವಾಹದಲ್ಲಿ ಸಿಕ್ಕಿಬಿದ್ದ ಬೆಕ್ಕೊಂದು ಬೇರೆ ಪ್ರಾಣಿಗಳೊಡನೆ ದೋಣಿಯಲ್ಲಿ ಸಾಗುವುದೇ ಅದರ ಕಥೆ. ಆ ಬೆಕ್ಕನ್ನಾಗಲಿ, ಏರುವ ನೀರನ್ನಾಗಲಿ, ನೀರಿನ ಮೇಲೆ ಮಿನುಗುವ ಬಿಸಿಲನ್ನಾಗಲಿ ಯಾವ ಕ್ಯಾಮೆರವೂ ಕಂಡುದಿಲ್ಲ. ಎಲ್ಲವೂ ಗಣಕಯಂತ್ರವು ರಚಿಸಿದ ಚಿತ್ರಗಳು. ಹಾಗೆ ರಚಿಸಲು ನೆರವಾದ ತಂತ್ರಾಂಶದ ಹೆಸರು ‘ಬ್ಲೆಂಡರ್’. ಇದನ್ನು ಯಾರು ಬೇಕಾದರೂ ಒಂದು ಕಾಸನ್ನೂ ಕೊಡದೆ ಪಡೆಯಬಹುದು.

ಕಾಸು ಕೊಡದೆ ದೊರೆಯುವ ವಸ್ತುವನ್ನು ಕಂಡಾಗ ನಮ್ಮಲ್ಲಿ ಒಂದು ಪ್ರಶ್ನೆ ಏಳಬೇಕು: ಇದಕ್ಕೆ ಬೆಲೆ ತೆತ್ತವರು ಯಾರು? ಬ್ಲೆಂಡರಿನ ವಿಷಯದಲ್ಲಿ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವುಂಟು. ಅದು 2002ರಲ್ಲಿ ನಡೆದ ಒಂದು ವಂತಿಗೆಯ ಕಥೆ.

ಸಂಖ್ಯೆಗಳಿಂದ ಚಿತ್ರ

ಮೊದಲು ಈ ತಂತ್ರಾಂಶವು ಮಾಡುವ ಕೆಲಸವೇನೆಂಬುದನ್ನು ನೋಡೋಣ. ಒಂದು ಬೆಕ್ಕಿನ ಮೈಯನ್ನು ಸಾವಿರಾರು ಚಿಕ್ಕ ಚಪ್ಪಟೆ ತುಣುಕುಗಳಿಂದ ಹೊದಿಸಿದೆವೆಂದು ಭಾವಿಸಿ. ಪ್ರತಿಯೊಂದು ತುಣುಕಿನ ಮೂಲೆಯ ಸ್ಥಾನವನ್ನೂ ಮೂರು ಸಂಖ್ಯೆಗಳಿಂದ ಗುರುತಿಸಬಹುದು: ಉದ್ದಕ್ಕೊಂದು, ಅಗಲಕ್ಕೊಂದು, ಎತ್ತರಕ್ಕೊಂದು. ಬೆಕ್ಕು ಕಾಲೆತ್ತಿದರೆ ಈ ಸಂಖ್ಯೆಗಳು ಬದಲಾಗುತ್ತವೆ. ಬೆಳಕಿನ ಕಿರಣವು ತುಣುಕಿನ ಮೇಲೆ ಯಾವ ಕೋನದಲ್ಲಿ ಬೀಳುತ್ತದೆ, ಅದರಲ್ಲಿ ಎಷ್ಟು ಭಾಗ ನಮ್ಮ ಕಣ್ಣಿನತ್ತ ಬರುತ್ತದೆ ಎಂಬುದನ್ನು ಯಂತ್ರವು ಲೆಕ್ಕ ಹಾಕುತ್ತದೆ. ನಾವು ತರಗತಿಯಲ್ಲಿ ಓದುವ ಪ್ರತಿಫಲನ ಮತ್ತು ವಕ್ರೀಭವನದ ನಿಯಮಗಳೇ ಇದಕ್ಕೆ ಆಧಾರ. ಸೆಕೆಂಡಿಗೆ 24 ಚಿತ್ರಗಳಂತೆ ಒಂದೇ ನಿಮಿಷದ ದೃಶ್ಯಕ್ಕೆ 1440 ಚಿತ್ರಗಳು ಬೇಕು.

ಈ ಲೆಕ್ಕಗಳ ಕ್ರಮವನ್ನು ಮನುಷ್ಯರು ಓದಬಲ್ಲ ಭಾಷೆಯಲ್ಲಿ ಬರೆದಿಟ್ಟ ಪಾಠಕ್ಕೆ ಸೋರ್ಸ್ ಕೋಡ್ ಅಥವಾ ಮೂಲಸಂಕೇತವೆಂದು ಹೆಸರು. ನಮಗೆ ಸಾಮಾನ್ಯವಾಗಿ ದೊರೆಯುವುದು ಯಂತ್ರಕ್ಕೆ ಮಾತ್ರ ಅರ್ಥವಾಗುವ ಅದರ ರೂಪಾಂತರ. ಬೇಯಿಸಿದ ಅಡಿಗೆಗೂ ಅದನ್ನು ಮಾಡುವ ವಿಧಾನಕ್ಕೂ ಇರುವ ಭೇದದಂತೆ ಇದು. ಅಡಿಗೆ ಕೈಯಲ್ಲಿದ್ದರೆ ಉಣ್ಣಬಹುದು. ವಿಧಾನ ತಿಳಿದಿದ್ದರೆ ಮತ್ತೆ ಮಾಡಬಹುದು, ಉಪ್ಪು ಹೆಚ್ಚಾಗಿದ್ದರೆ ತಿದ್ದಲೂಬಹುದು.

ಏಳು ವಾರಗಳ ವಂತಿಗೆ

ನೆದರ್ಲೆಂಡ್ಸ್ ದೇಶದ ಟಾನ್ ರೋಸೆಂಡಾಲ್ ಎಂಬವರು ತಮ್ಮ ಅನಿಮೇಷನ್ ಸಂಸ್ಥೆಯ ಬಳಕೆಗಾಗಿ 1994ರಲ್ಲಿ ಬ್ಲೆಂಡರನ್ನು ಬರೆಯತೊಡಗಿದರು. 1998ರಲ್ಲಿ ಅದನ್ನು ಬೆಳೆಸುವುದಕ್ಕಾಗಿ ‘ನಾಟ್ ಎ ನಂಬರ್’ ಎಂಬ ಕಂಪನಿಯನ್ನು ಕಟ್ಟಿದರು. ಬಂಡವಾಳಗಾರರು ಹಣ ಹೂಡಿದರು. ಆದರೆ ನಿರೀಕ್ಷಿಸಿದಷ್ಟು ವ್ಯಾಪಾರವಾಗಲಿಲ್ಲ. 2002ರ ಆರಂಭದಲ್ಲಿ ಕಂಪನಿಯು ಬಾಗಿಲು ಮುಚ್ಚಿತು.

ಆಗ ಬಳಕೆದಾರರ ಗತಿಯೇನು? ತಂತ್ರಾಂಶದ ಪ್ರತಿಗಳು ಅವರ ಯಂತ್ರಗಳಲ್ಲಿ ಇದ್ದುವು. ಆದರೆ ಮೂಲಸಂಕೇತದ ಹಕ್ಕು ಬಂಡವಾಳಗಾರರ ವಶದಲ್ಲಿ ಉಳಿಯಿತು. ತಪ್ಪು ಕಂಡುಬಂದರೆ ತಿದ್ದುವವರಿಲ್ಲ. ಹೊಸ ಬಗೆಯ ಗಣಕಯಂತ್ರ ಬಂದರೆ ಅದಕ್ಕೆ ಹೊಂದಿಸುವವರಿಲ್ಲ. ವರ್ಷಗಟ್ಟಲೆ ಕಲಿತ ವಿದ್ಯೆಯು ಹೀಗೆ ಕಣ್ಣೆದುರಿಗೇ ನಿರುಪಯುಕ್ತವಾಗುವುದರಲ್ಲಿತ್ತು.

ರೋಸೆಂಡಾಲರು ಲಾಭದ ಉದ್ದೇಶವಿಲ್ಲದ ‘ಬ್ಲೆಂಡರ್ ಫೌಂಡೇಷನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಒಂದು ಲಕ್ಷ ಯೂರೊ ಕೊಟ್ಟರೆ ಮೂಲಸಂಕೇತವನ್ನು ಲೋಕಕ್ಕೆ ತೆರೆದಿಡಲು ಬಂಡವಾಳಗಾರರು ಒಪ್ಪಿದರು. 2002ರ ಜುಲೈ 18ರಂದು ಅಂತರಜಾಲದ ಮೂಲಕ ‘ಫ್ರೀ ಬ್ಲೆಂಡರ್’ ಎಂಬ ವಂತಿಗೆ ಮೊದಲಾಯಿತು. ಈ ಬಗೆಯ ಹಣ ಸಂಗ್ರಹಕ್ಕೆಂದೇ ಏರ್ಪಟ್ಟ ಜಾಲತಾಣಗಳು ಆಗ ಇಂದಿನಂತೆ ಬಳಕೆಯಲ್ಲಿರಲಿಲ್ಲ. ಆದರೂ ಏಳೇ ವಾರಗಳಲ್ಲಿ ಗುರಿ ಮುಟ್ಟಿತು. ಸರಾಸರಿ ತೆಗೆದರೆ ದಿನಕ್ಕೆ ಸುಮಾರು 2000 ಯೂರೊ ಆಯಿತು. ಅದೇ ವರ್ಷದ ಅಕ್ಟೋಬರ್ 13ರಂದು ಮೂಲಸಂಕೇತವು ‘ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್’ ಎಂಬ ಪರವಾನಗಿಯ ಅಡಿಯಲ್ಲಿ ಪ್ರಕಟವಾಯಿತು. ಇದರಂತೆ ಯಾರಾದರೂ ಅದನ್ನು ಬಳಸಬಹುದು, ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚುವವರು ಈ ಸ್ವಾತಂತ್ರ್ಯವನ್ನೇ ಮುಂದಿನವರಿಗೂ ಕೊಡಬೇಕು. ಕಂಪನಿಯೊಂದು ಮುಚ್ಚಿದ ಮಾತ್ರಕ್ಕೆ ಬ್ಲೆಂಡರ್ ಅಳಿಯುವ ಭಯ ಅಂದಿಗೆ ತೀರಿತು.

ನೀರು ಕುದಿಯುವ ಪರಿ

ಸಣ್ಣ ಸಣ್ಣ ದೇಣಿಗೆಗಳು ಸೇರಿ ಇಂಥ ಕಾರ್ಯವನ್ನು ಹೇಗೆ ಸಾಧಿಸಿದುವು? ಭೌತವಿಜ್ಞಾನದ ಎರಡು ಉದಾಹರಣೆಗಳನ್ನು ತೆಗೆದುಕೊಳ್ಳೋಣ. ದ್ಯುತಿವಿದ್ಯುತ್ ಪರಿಣಾಮದಲ್ಲಿ ಬೆಳಕಿನ ಆವೃತ್ತಿಯು ಒಂದು ಮಿತಿಗಿಂತ ಕಡಿಮೆಯಿದ್ದರೆ, ಎಷ್ಟೇ ಬೆಳಕನ್ನು ಸುರಿದರೂ ಲೋಹದಿಂದ ಎಲೆಕ್ಟ್ರಾನು ಹೊರಬೀಳುವುದಿಲ್ಲ. ದುರ್ಬಲವಾದ ಕಣಗಳು ಅಲ್ಲಿ ಒಟ್ಟುಗೂಡಿ ಕೆಲಸ ಮಾಡಲಾರವು. ವಂತಿಗೆಯು ಹಾಗಲ್ಲ. ಅದು ಪಾತ್ರೆಯಲ್ಲಿ ನೀರು ಕಾಯಿಸಿದಂತೆ. 20 ಡಿಗ್ರಿ ಉಷ್ಣತೆಯ ಒಂದು ಕಿಲೊಗ್ರಾಂ ನೀರನ್ನು 100 ಡಿಗ್ರಿಗೆ ಏರಿಸಲು ಸುಮಾರು 335 ಕಿಲೊಜೂಲ್ ಶಾಖ ಬೇಕು. ಅದು ಎಷ್ಟು ಚಿಕ್ಕ ಕಂತುಗಳಲ್ಲಿ ಬಂದರೂ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಐದು ಯೂರೊ ಕೊಟ್ಟ ವಿದ್ಯಾರ್ಥಿಯ ಪಾಲೂ ವ್ಯರ್ಥವಾಗದು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತುಂಟು. ಪಾತ್ರೆಯು ಶಾಖವನ್ನು ಪಡೆಯುತ್ತಿರುವಾಗಲೇ ಸುತ್ತಲಿನ ಗಾಳಿಗೆ ಕಳೆದುಕೊಳ್ಳುತ್ತಲೂ ಇರುತ್ತದೆ. ಉರಿ ತೀರ ಸಣ್ಣದಾದರೆ ಬರುವುದೂ ಹೋಗುವುದೂ ಸಮವಾಗಿ ನೀರು ಎಂದಿಗೂ ಕುದಿಯದು. ಜನರ ಉತ್ಸಾಹವೂ ಹೀಗೆಯೇ ಆರುವ ವಸ್ತು. ಇಷ್ಟು ಹಣ, ಇಂಥ ಕೆಲಸ ಎಂಬ ಖಚಿತವಾದ ಗುರಿ ಎದುರಿಗಿದ್ದುದರಿಂದ ಬ್ಲೆಂಡರಿನ ಉರಿ ಏಳು ವಾರ ಜೋರಾಗಿ ಉರಿಯಿತು.

ಕುದಿದ ನೀರೂ ಉರಿ ತೆಗೆದೊಡನೆ ಆರತೊಡಗುತ್ತದೆ. ತಂತ್ರಾಂಶವನ್ನು ಬಿಡಿಸಿಕೊಂಡರೆ ಸಾಲದು. ಅದನ್ನು ನಿತ್ಯವೂ ನೋಡಿಕೊಳ್ಳುವವರು ಬೇಕು. ಈ ಮಾತನ್ನು ಮರೆತರೆ ಏನಾಗುವುದೆಂಬುದಕ್ಕೆ ಇನ್ನೊಂದು ತಂತ್ರಾಂಶವೇ ಸಾಕ್ಷಿ.

ಎಲ್ಲರ ಬೀಗ, ಯಾರೂ ನೋಡದ ಬೀಗ

ನಾವು ಅಂತರಜಾಲದ ಮೂಲಕ ಗುಪ್ತಪದವನ್ನು ಕಳುಹಿಸುವಾಗ ಅದನ್ನು ನಡುದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿಗೆ ಮಾರ್ಪಡಿಸಬೇಕು. ಈ ಕೆಲಸಕ್ಕಾಗಿ ಜಗತ್ತಿನ ಅಸಂಖ್ಯ ಸಂಸ್ಥೆಗಳು ‘ಓಪನ್ ಎಸ್‌ಎಸ್‌ಎಲ್’ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತವೆ. 2014ಕ್ಕೆ ಮುಂಚೆ ಇದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರು ಮಾತ್ರ! ಬ್ಲೆಂಡರಿಗೆ ಒಂದು ದಿನದಲ್ಲಿ ಬಂದುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಪೂರ್ಣಕಾಲ ದುಡಿಯುವವರು ಒಬ್ಬರೇ ಇದ್ದರು.

2014ರ ಏಪ್ರಿಲ್ 7ರಂದು ‘ಹಾರ್ಟ್‌ಬ್ಲೀಡ್’ ಎಂಬ ದೋಷವು ಬಯಲಾಯಿತು. ಸಂಪರ್ಕದಲ್ಲಿರುವ ಒಂದು ಯಂತ್ರ ಇನ್ನೊಂದನ್ನು “ಎಚ್ಚರವಾಗಿರುವೆಯಾ? ಈ ನಾಲ್ಕಕ್ಷರದ ಮಾತನ್ನು ತಿರುಗಿ ಹೇಳು” ಎಂದು ಕೇಳುವ ಪದ್ಧತಿಯುಂಟು. ನಾಲ್ಕಕ್ಷರ ಕಳುಹಿಸಿ, “ಇದು ಅರವತ್ತು ಸಾವಿರ ಅಕ್ಷರದ ಮಾತು” ಎಂದು ಸುಳ್ಳು ಹೇಳಿದರೆ? ಉದ್ದವನ್ನು ಅಳೆದು ನೋಡುವ ಹೆಜ್ಜೆಯೊಂದು ಬಿಟ್ಟುಹೋಗಿದ್ದುದರಿಂದ ಆ ಯಂತ್ರವು ತನ್ನ ಸ್ಮೃತಿಯಲ್ಲಿ ಪಕ್ಕದಲ್ಲಿದ್ದುದನ್ನೆಲ್ಲ ಸೇರಿಸಿ ಒಪ್ಪಿಸುತ್ತಿತ್ತು. ಅದರಲ್ಲಿ ಪರರ ಗುಪ್ತಪದಗಳೂ ಇರಬಹುದಾಗಿತ್ತು. ಈ ತಪ್ಪು 2012ರ ಮಾರ್ಚಿಯಿಂದ ಎರಡು ವರ್ಷಗಳ ಕಾಲ ಬಳಕೆಯಲ್ಲಿದ್ದಿತು. ಮೂಲಸಂಕೇತವು ಎಲ್ಲರಿಗೂ ತೆರೆದಿತ್ತು, ನಿಜ. ಆದರೆ ತೆರೆದ ಪುಸ್ತಕವನ್ನೂ ಯಾರಾದರೂ ಕುಳಿತು ಓದಬೇಕಷ್ಟೆ! ಅನಾಹುತದ ಬಳಿಕ, ಅದೇ ತಿಂಗಳಲ್ಲಿ, ಲಿನಕ್ಸ್ ಫೌಂಡೇಷನ್ನಿನ ಆಶ್ರಯದಲ್ಲಿ ದೊಡ್ಡ ಕಂಪನಿಗಳು ಕೂಡಿ ಇಂಥ ತಂತ್ರಾಂಶಗಳಿಗಾಗಿ ನಿಧಿಯೊಂದನ್ನು ಏರ್ಪಡಿಸಿದುವು.

ಇದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಊರಿನ ಪ್ರತಿಯೊಬ್ಬರೂ ಒಂದೊಂದು ಚೊಂಬು ಹಾಲನ್ನು ಕೊಳಕ್ಕೆ ಸುರಿಯಬೇಕೆಂದು ಅರಸನು ಆಜ್ಞೆ ಮಾಡಿದ ಕಥೆ ನಮಗೆಲ್ಲ ಗೊತ್ತು. ನನ್ನೊಂದು ಚೊಂಬು ನೀರು ಯಾರಿಗೆ ತಿಳಿದೀತೆಂದು ಪ್ರತಿಯೊಬ್ಬನೂ ಎಣಿಸಿದ. ಬೆಳಗಾದಾಗ ಕೊಳದ ತುಂಬ ಬರಿಯ ನೀರು. ಬಳಸುವವರು ಹೆಚ್ಚಿದಷ್ಟೂ ‘ಬೇರೆಯವರು ಕೊಟ್ಟಾರು’ ಎಂಬ ಭಾವನೆಯೂ ಹೆಚ್ಚುತ್ತದೆ.

ಬ್ಲೆಂಡರಿನವರು ಇದಕ್ಕೆ ತಕ್ಕ ಉಪಾಯಗಳನ್ನು ಕಂಡುಕೊಂಡರು. 2006ರಲ್ಲಿ ಹೊರಬಂದ ‘ಎಲಿಫೆಂಟ್ಸ್ ಡ್ರೀಮ್’ ಎಂಬ ಕಿರುಚಿತ್ರಕ್ಕೆ ಅದರ ಡಿವಿಡಿಗಳನ್ನು ಮುಂಗಡವಾಗಿ ಮಾರಿ ಹಣ ಕೂಡಿಸಿದರು. ಚಿತ್ರವನ್ನು ಮಾಡುವಾಗ ತಂತ್ರಾಂಶವೂ ಸುಧಾರಿಸಿತು. ಆಮೇಲೆ ಏರ್ಪಟ್ಟ ಅಭಿವೃದ್ಧಿ ನಿಧಿಯಲ್ಲಿ ಬಳಕೆದಾರರೂ ಕಂಪನಿಗಳೂ ತಿಂಗಳಿಗೋ ವರ್ಷಕ್ಕೋ ಇಷ್ಟೆಂದು ಕೊಡುವ ಕ್ರಮ ಬಂದಿತು. ಒಮ್ಮೆ ಧಗ್ಗನೆ ಉರಿಯುವ ಬೆಂಕಿಯ ಬದಲು ಆರದೆ ಉರಿಯುವ ಒಲೆ ಇದು.

ವಿದ್ಯಾರ್ಥಿಗಳ ಕೈಯಲ್ಲಿ ಹಣವಿಲ್ಲದಿರಬಹುದು. ಆದರೆ ಕಂಡ ದೋಷವನ್ನು ವಿವರವಾಗಿ ಬರೆದು ತಿಳಿಸುವುದು, ಬಳಕೆಯ ಕ್ರಮವನ್ನು ಕನ್ನಡದಲ್ಲಿ ಬರೆದಿಡುವುದು, ಮೂಲಸಂಕೇತದ ಒಂದು ಪುಟವನ್ನಾದರೂ ಓದಿ ಅರಿಯುವುದು, ಇವೂ ವಂತಿಗೆಗಳೇ. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ; ಹೂಳೆತ್ತಿದವರ ಹೆಸರು ಉಳಿಯುವುದಿಲ್ಲ. ಆದರೆ ಕೆರೆಯಲ್ಲಿ ನೀರು ನಿಲ್ಲುವುದು ಹೂಳೆತ್ತಿದವರಿಂದ.