ಬೆಂಕಿಯ ಬುತ್ತಿ

ಗುರುವಾಯನಕೆರೆಯಿಂದ ನಾರಾವಿಯ ಕಡೆಗೆ ಸಾಗುವ ಹಾದಿಯಲ್ಲಿ ಅಳದಂಗಡಿ ಎಂಬ ಊರಿದೆ. ಅಜಿಲ ಅರಸುಮನೆತನದ ನೆಲೆಯೆಂದು ಇತಿಹಾಸದಲ್ಲಿ ಈ ಊರಿಗೆ ಹೆಸರುಂಟು. 1604ರಲ್ಲಿ ವೇಣೂರಿನ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲನು ಆ ಮನೆತನದವನೇ. ಊರಿನ ಮೂಡಣ ದಿಕ್ಕಿಗೆ ಪಶ್ಚಿಮ ಘಟ್ಟದ ಗೋಡೆ. ಸುತ್ತಲೂ ಅಡಕೆ, ತೆಂಗುಗಳ ತೋಟ. ತೋಟಗಳ ನಡುವೆ ಒಂದರಿಂದೊಂದು ದೂರವಾಗಿ ನಿಂತ ಮನೆಗಳು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ತುಳುವರ ಆಟಿ ತಿಂಗಳಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗದು, ಭರಣಿಯ ಉಪ್ಪು ನೀರೊಡೆಯುವುದು, ಹಪ್ಪಳ ಮೆತ್ತಗಾಗುವುದು. ಬೆಂಕಿಕಡ್ಡಿಯನ್ನು ಗೀರಿದರೆ ಅದರ ತಲೆ ಉರಿಯುವ ಬದಲು ಉದುರಿ ಬೀಳುವುದು.

ಒಳ್ಳೆಯ ದಿನಗಳಲ್ಲಿ ಇದು ನಗುವಿನ ಸಂಗತಿ. ಆದರೆ ಎಲ್ಲ ದಿನಗಳೂ ಒಳ್ಳೆಯವಲ್ಲ. 1923ರ ಮಹಾನೆರೆಯನ್ನು ಈ ನಾಡಿನವರು ‘ಮಾರಿಬೊಳ್ಳ’ ಎಂದೇ ಕರೆದರು. 1974ರಲ್ಲಿ ನೇತ್ರಾವತಿಯು ಬಂಟ್ವಾಳದ ಪೇಟೆಗೆ ನುಗ್ಗಿತು. 2019ರ ಆಗಸ್ಟ್ 9ರಂದು ಬೆಳ್ತಂಗಡಿ ತಾಲ್ಲೂಕಿನ ತಪ್ಪಲಿನ ಹಳ್ಳಿಗಳಲ್ಲಿ ಗುಡ್ಡಗಳು ಜರಿದವು. ಹೊಳೆಗಳು ತೋಟಗಳ ಮೇಲೆ ಹರಿದವು. ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿತು. ಇಂತಹ ವೇಳೆಯಲ್ಲಿ ಮೊದಲು ವಿದ್ಯುತ್ತು ಹೋಗುತ್ತದೆ, ಆಮೇಲೆ ದೂರವಾಣಿ, ಆಮೇಲೆ ದಾರಿ. ಬಾವಿಗೆ ನೆರೆಯ ನೀರು ಸೇರಿದರೆ ಕುದಿಸದೆ ಒಂದು ಲೋಟವನ್ನೂ ಕುಡಿಯುವಂತಿಲ್ಲ. ಮಗುವಿಗೆ ಕಾಯಿಸಿದ ನೀರು, ನೆನೆದು ನಡುಗುವ ಮುದುಕರಿಗೆ ಬಿಸಿ ಗಂಜಿ, ಕತ್ತಲೆಯಲ್ಲಿ ಹಾವುಚೇಳುಗಳನ್ನು ಕಾಣಲು ಒಂದು ದೀಪ, ಇವೆಲ್ಲವೂ ಆಗ ಒಂದು ಕಿಡಿಯನ್ನು ಕಾದಿರುತ್ತವೆ.

ಇಂದಿನ ಅಡುಗೆಮನೆಯಲ್ಲಿ ಆ ಕಿಡಿ ಇದೆಯೆಂದು ಎಲ್ಲರೂ ನಂಬಿದ್ದಾರೆ. ಗ್ಯಾಸ್ ಒಲೆಯ ಪಕ್ಕದಲ್ಲಿ ತೂಗುವ ಲೈಟರಿನೊಳಗೆ ಒಂದು ಹರಳಿದೆ. ಗುಂಡಿಯನ್ನೊತ್ತಿದಾಗ ಪುಟ್ಟ ಸುತ್ತಿಗೆಯೊಂದು ಅದನ್ನು ಬಡಿಯುತ್ತದೆ. ಆ ಒತ್ತಡದಿಂದ ವಿದ್ಯುತ್ ಹುಟ್ಟಿ ಕಿಡಿ ಹಾರುತ್ತದೆ. ಅನಿಲವನ್ನು ಹೊತ್ತಿಸಲು ಅಷ್ಟು ಸಾಕು. ಆದರೆ ಆ ಕಿಡಿ ದೀಪದ ಬತ್ತಿಯನ್ನು ಹೊತ್ತಿಸದು, ತರಗೆಲೆಯನ್ನೂ ಹೊತ್ತಿಸದು. ಸಿಲಿಂಡರು ಬರಿದಾದ ದಿನ ಬಚ್ಚಲ ಒಲೆಯ ಮುಂದೆ ಅದನ್ನು ಹಿಡಿದು ಕುಳಿತವನಿಗೆ ಈ ಸತ್ಯ ತಿಳಿಯುತ್ತದೆ. ಆಗ ಮನೆಯಲ್ಲಿ ಬೆಂಕಿಪೊಟ್ಟಣವೇ ಇಲ್ಲವೆಂಬುದೂ ತಿಳಿಯುತ್ತದೆ.

ಹಿಂದಿನವರಿಗೆ ಈ ಚಿಂತೆ ಬೇರೆ ರೀತಿಯಲ್ಲಿತ್ತು. ಅವರು ಬೆಂಕಿಯನ್ನು ಹುಟ್ಟಿಸುವುದಕ್ಕಿಂತ ಆರದಂತೆ ಕಾಯುವುದರಲ್ಲಿ ಜಾಣರಾಗಿದ್ದರು. ರಾತ್ರಿಯ ಊಟವಾದ ಮೇಲೆ ಒಲೆಯ ಕೆಂಡಗಳನ್ನು ಒಟ್ಟುಗೂಡಿಸಿ ಬೂದಿ ಮುಚ್ಚುವುದು ಮನೆಯ ಹೆಂಗಸರ ಕೊನೆಯ ಕೆಲಸ. ಬೆಳಗ್ಗೆ ಬೂದಿಯನ್ನು ಸರಿಸಿ, ಒಣಗಿದ ತೆಂಗಿನ ನಾರನ್ನಿಟ್ಟು ಊದಿದರೆ ಉರಿ ಏಳುತ್ತಿತ್ತು. ಎಂದಾದರೂ ಆರಿಹೋದರೆ ಗೆರಟೆಯೊಂದನ್ನು ಹಿಡಿದು ನೆರೆಮನೆಗೆ ಕೆಂಡ ತರಲು ಹೋಗುವುದಿತ್ತು. ಪೇಟೆಯ ಗೂಡಂಗಡಿಗಳಲ್ಲಿ ಬೀಡಿ ಹೊತ್ತಿಸಿಕೊಳ್ಳುವವರಿಗಾಗಿ ನಾರಿನ ಹಗ್ಗವೊಂದು ತೂಗುತ್ತಿತ್ತು. ಅದರ ತುದಿ ಹಗಲೆಲ್ಲ ಕೆಂಪಾಗಿ ಹೊಗೆಯಾಡುತ್ತಿತ್ತು. ಕಾಡಿಗೆ ಹೋಗುವವರ ಬಳಿ ಚಕಮಕಿ ಇರುತ್ತಿತ್ತು. ಉಕ್ಕಿನ ತುಂಡನ್ನು ಬೆಣಚುಕಲ್ಲಿನ ಅಂಚಿಗೆ ಬಡಿದರೆ ಕಿಡಿ ಹಾರುತ್ತದೆ. ಕಲ್ಲು ಉರಿಯುತ್ತದೆಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಕಲ್ಲಿನ ಅಂಚು ಉಕ್ಕಿನಿಂದ ಅತಿ ಸಣ್ಣ ಚೂರುಗಳನ್ನು ಕೆರೆಯುತ್ತದೆ; ಆ ಚೂರುಗಳು ಗಾಳಿಯಲ್ಲಿ ಕಾದು ಉರಿಯುತ್ತವೆ. ಅವನ್ನು ಹಿಡಿಯಲು ಬಗನಿ ಮರದ ಎಲೆಬುಡದಲ್ಲಿ ಬೆಳೆಯುವ ಹತ್ತಿಯಂತಹ ನಯವಾದ ಜುಂಗು ಬಳಕೆಯಲ್ಲಿತ್ತು. ಅರಣಿಯನ್ನು ಕಡೆದು ಬೆಂಕಿ ತೆಗೆಯುವ ಪದ್ಧತಿ ಸೋಮಯಾಗಗಳಲ್ಲಿ ಇಂದಿಗೂ ಉಳಿದಿದೆ. ಆದರೆ ಚೆನ್ನಾಗಿ ಒಣಗಿದ ಕಟ್ಟಿಗೆಯಿಲ್ಲದೆ ಅದು ಸಾಗದು. ಆಟಿಯ ಮಳೆಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ಈ ಹಳೆಯ ರೂಢಿಗಳನ್ನೆಲ್ಲ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಬೆಂಕಿ ಒಮ್ಮೆಲೇ ಹುಟ್ಟುವುದಿಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಿಡಿಯಿಂದ ನಾರಿಗೆ, ನಾರಿನಿಂದ ಪುಳ್ಳೆಗೆ, ಪುಳ್ಳೆಯಿಂದ ಸೌದೆಗೆ. ಮಳೆನಾಡಿನಲ್ಲಿ ಸೋಲು ಬರುವುದು ಸಾಮಾನ್ಯವಾಗಿ ಎರಡನೆಯ ಮೆಟ್ಟಿಲಿನಲ್ಲಿ. ಕಡ್ಡಿ ಹೊತ್ತುತ್ತದೆ, ಆದರೆ ಅದರ ಉರಿ ಹಸಿ ಪುಳ್ಳೆಯನ್ನು ಒಣಗಿಸುವಷ್ಟರಲ್ಲಿ ಮುಗಿದಿರುತ್ತದೆ. ಹೀಗಾಗಿ ಆಪತ್ಕಾಲದ ಬುತ್ತಿಯಲ್ಲಿ ಕಿಡಿಯ ಸಾಧನಕ್ಕಿಂತ ಕಿಡಿಯನ್ನು ಹಿಡಿದು ಕೆಲವು ನಿಮಿಷ ಉರಿಯುವ ವಸ್ತುವೇ ಮುಖ್ಯ. ಪಟ್ಟಣದ ಅಂಗಡಿಯಲ್ಲಿ ಬೆಲೆಬಾಳುವ ಸಲಕರಣೆಗಳನ್ನು ಕೊಳ್ಳುವವರು ಮರೆಯುವುದು ಇದನ್ನೇ.

ಮೊದಲು ಬೆಂಕಿಕಡ್ಡಿಯ ವಿಚಾರ. ಇಂಗ್ಲೆಂಡಿನ ಜಾನ್ ವಾಕರ್ 1826ರಲ್ಲಿ ಉಜ್ಜಿದರೆ ಹೊತ್ತುವ ಕಡ್ಡಿಯನ್ನು ಕಂಡುಕೊಂಡನು. 1844ರಲ್ಲಿ ಸ್ವೀಡನ್ನಿನ ಪಾಶ್ ಎಂಬ ವಿಜ್ಞಾನಿ ಸುರಕ್ಷಿತ ಕಡ್ಡಿಯ ದಾರಿ ತೋರಿದನು. ನಮ್ಮ ದೇಶದಲ್ಲಿ 1923ರ ಸುಮಾರಿಗೆ ಶಿವಕಾಶಿಯಲ್ಲಿ ಈ ಕೈಗಾರಿಕೆ ಬೇರೂರಿತು. ಒಂದು ರೂಪಾಯಿಯ ಪೊಟ್ಟಣ 2021ರ ಡಿಸೆಂಬರಿನಲ್ಲಿ ಎರಡು ರೂಪಾಯಿಯಾಯಿತು. ಆದರೂ ಇಷ್ಟು ಅಗ್ಗದಲ್ಲಿ ಇಷ್ಟು ದೊಡ್ಡ ಉಪಕಾರ ಬೇರೊಂದಿಲ್ಲ. ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಪೊಟ್ಟಣದ ಬದಿಯ ಪಟ್ಟಿಯಲ್ಲಿ ಕೆಂಪು ರಂಜಕವಿರುತ್ತದೆ. ಎರಡೂ ಕೂಡಿದರೆ ಮಾತ್ರ ಉರಿ. ಆದುದರಿಂದ ಕಡ್ಡಿಗಳನ್ನು ಮಾತ್ರ ಜೋಪಾನ ಮಾಡಿ ಪಟ್ಟಿಯನ್ನು ತೇವಕ್ಕೆ ಬಿಟ್ಟರೆ ಫಲವಿಲ್ಲ. ಕರಗಿಸಿದ ಮೇಣದಲ್ಲಿ ಕಡ್ಡಿಯ ತಲೆಯನ್ನು ಒಮ್ಮೆ ಅದ್ದಿ ತೆಗೆದರೆ ನೀರು ಒಳಸೇರದು. ಮೇಣ ದಪ್ಪವಾಗಬಾರದು, ಗೀರುವ ಮೊದಲು ಉಗುರಿನಿಂದ ತುದಿಯ ಮೇಣವನ್ನು ಕೆರೆಯಬೇಕು, ಇಲ್ಲವಾದರೆ ಪಟ್ಟಿ ಮೆತ್ತಿಕೊಳ್ಳುತ್ತದೆ.

ಕಡ್ಡಿಯ ಜೊತೆಗೆ ಸಿಗರೇಟಿನ ಲೈಟರೊಂದನ್ನು ಇಡಬಹುದು. ಅದರ ಚಕ್ರ ನೆನೆದರೆ ಕಿಡಿ ಬಾರದು. ಒರೆಸಿ ಒಣಗಿಸಿದರೆ ಮತ್ತೆ ಬರುತ್ತದೆ. ಇನ್ನೊಂದು ಸಾಧನ ಫೆರೋಸೀರಿಯಂ ಎಂಬ ಮಿಶ್ರಲೋಹದ ಸರಳು. ಆಸ್ಟ್ರಿಯಾದ ಆವರ್ ಎಂಬಾತನು 1903ರಲ್ಲಿ ಇದನ್ನು ರೂಪಿಸಿದನು. ಕತ್ತಿಯ ಬೆನ್ನಿನಿಂದ ಕೆರೆದರೆ ಸುಮಾರು 3000 ಡಿಗ್ರಿ ಸೆಲ್ಸಿಯಸ್ ಶಾಖದ ಕಿಡಿಗಳು ಸುರಿಯುತ್ತವೆ. ನೀರಿನಲ್ಲಿ ಮುಳುಗಿದ್ದರೂ ಒರೆಸಿದೊಡನೆ ಕೆಲಸಕ್ಕೆ ಬರುವುದು ಇದರ ಹೆಚ್ಚುಗಾರಿಕೆ. ಕೈಗೆ ಅಭ್ಯಾಸ ಬೇಕಾಗುವುದು ಇದರ ಕುಂದು.

ಇನ್ನು ಕಿಡಿಯನ್ನು ಹಿಡಿಯುವ ವಸ್ತುಗಳು. ಬರಿಯ ಹತ್ತಿ ಭಗ್ಗನೆ ಉರಿದು ಕ್ಷಣದಲ್ಲಿ ಮುಗಿಯುತ್ತದೆ. ಅದೇ ಹತ್ತಿಗೆ ವ್ಯಾಸಲೀನನ್ನು ತಿಕ್ಕಿ ಉಂಡೆ ಮಾಡಿಟ್ಟರೆ ಒಂದೊಂದು ಉಂಡೆ ಕೆಲವು ನಿಮಿಷ ಉರಿಯುತ್ತದೆ. ಹೊತ್ತಿಸುವಾಗ ಎಳೆಗಳನ್ನು ಬಿಡಿಸಿಕೊಳ್ಳಬೇಕು. ದೇವರ ಕೋಣೆಯ ಕರ್ಪೂರವೂ ಒಳ್ಳೆಯದೇ. ಆದರೆ ಅದು ಕರಗದೆಯೇ ಆವಿಯಾಗಿ ಹೋಗುವ ವಸ್ತು. ಕಾಗದದಲ್ಲಿ ಸುತ್ತಿಟ್ಟ ಕರ್ಪೂರ ತಿಂಗಳುಗಳ ಬಳಿಕ ವಾಸನೆಯಾಗಿ ಮಾತ್ರ ಉಳಿದಿರುತ್ತದೆ. ಘಟ್ಟದ ಕಾಡಿನ ರಾಳಧೂಪದ ಅಂಟು ತೇವದಲ್ಲಿಯೂ ಉರಿಯುತ್ತದೆ. ಅಂಗಡಿಯಲ್ಲಿ ಸಿಕ್ಕರೆ ಒಂದೆರಡು ಹರಳು ಸಾಕು, ಅದಕ್ಕಾಗಿ ಮರವನ್ನು ಕಡಿಯಬೇಕಾಗಿಲ್ಲ. ಇವೆಲ್ಲಕ್ಕಿಂತ ಸುಲಭವಾದುದು ಹಳೆಯ ಸೈಕಲ್ ಟ್ಯೂಬು. ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಟ್ಟರೆ ನೆನೆದರೂ ಉರಿಯುತ್ತದೆ. ಹೊಗೆ ಮಾತ್ರ ಕಪ್ಪು, ಅಡುಗೆಯ ಪಾತ್ರೆಯನ್ನು ಆಮೇಲೆ ಇಡಬೇಕು.

ಪುಳ್ಳೆಗೆ ಒಣ ಸೋಗೆ, ಗೆರಟೆಯ ಚೂರು, ಅಡಕೆ ಹಾಳೆಯ ಸೀಳುಗಳು ಈ ಊರಿನಲ್ಲಿ ಹೇರಳ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಗಲುವಂತೆ ಇವನ್ನು ಒಟ್ಟುವ ರೂಢಿ ವಿವೇಕದ್ದು. ಗ್ಯಾಸ್ ಒಲೆಯ ಮನೆಗಳಲ್ಲಿ ಅಟ್ಟವೇ ಮಾಯವಾಗಿದೆ. ಏನೂ ಇಲ್ಲದಿದ್ದರೆ ಒಂದು ಕತ್ತಿ ಸಾಕು. ಹೊರಗೆ ನೆನೆದ ಕಟ್ಟಿಗೆಯನ್ನು ಸೀಳಿದರೆ ಒಳತಿರುಳು ಹೆಚ್ಚಾಗಿ ಒಣಗಿರುತ್ತದೆ; ಅದನ್ನು ತೆಳುವಾಗಿ ಹೆರೆದು ಗುಡ್ಡೆ ಮಾಡಬೇಕು.

ಎಚ್ಚರಿಕೆಯ ಮಾತುಗಳೂ ಇವೆ. ನೆರೆ ಇಳಿದ ಮನೆಯಲ್ಲಿ ಅನಿಲದ ವಾಸನೆಯಿದ್ದರೆ ಕಡ್ಡಿ ಗೀರಬಾರದು. ಉರಿಯುವ ಒಲೆಗೆ ಸೀಮೆಎಣ್ಣೆಯನ್ನಾಗಲಿ ಪೆಟ್ರೋಲನ್ನಾಗಲಿ ಸುರಿಯಬಾರದು. ಚಳಿಯೆಂದು ಬಾಗಿಲು ಕಿಟಕಿ ಮುಚ್ಚಿ ಕೆಂಡದ ಬಾಣಲೆಯನ್ನು ಪಕ್ಕದಲ್ಲಿಟ್ಟು ಮಲಗಿದವರು ಏಳದೆ ಹೋದುದುಂಟು. ಕೆಂಡದಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಇವೆಲ್ಲವನ್ನೂ ಹಿಡಿಯಲು ರಬ್ಬರ್ ಬಳೆಯ ಬಿಗಿಮುಚ್ಚಳವಿರುವ ಒಂದು ಸಣ್ಣ ಡಬ್ಬಿ ಸಾಕು. ಪಟ್ಟಿಸಹಿತವಾದ ಎರಡು ಬೆಂಕಿಪೊಟ್ಟಣಗಳನ್ನು ಬೇರೆಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಬೇಕು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಲೈಟರು, ಸರಳು, ಹತ್ತಿಯ ಉಂಡೆಗಳು, ಟ್ಯೂಬಿನ ಪಟ್ಟಿಗಳು, ಎರಡು ದಪ್ಪ ಮೇಣದ ಬತ್ತಿ, ಒಂದು ಪುಟ್ಟ ಕತ್ತಿ. ಡಬ್ಬಿಯನ್ನು ಮೇ ತಿಂಗಳ ಬಿಸಿಲಿನಲ್ಲಿ ತುಂಬಬೇಕು. ಮಳೆ ಹಿಡಿದ ಮೇಲೆ ತುಂಬಿದರೆ ತೇವವನ್ನೇ ಒಳಗಿಟ್ಟು ಮುಚ್ಚಿದಂತಾಗುತ್ತದೆ. ಜುಲೈ ತಿಂಗಳ ಒಂದು ಜಡಿಮಳೆಯ ದಿನ, ಹಿರಿಯರ ಕಣ್ಣೆದುರಿನಲ್ಲಿ, ಮನೆಯ ಮಕ್ಕಳು ಒಂದು ಉಂಡೆಯನ್ನು ತೆಗೆದು ಬಚ್ಚಲ ಒಲೆಯನ್ನು ಹೊತ್ತಿಸಿ ನೋಡಬೇಕು. ಹಂಡೆಯ ನೀರು ಹೇಗೂ ಕಾಯಬೇಕಷ್ಟೆ. ಡಬ್ಬಿ ಇರಬೇಕಾದುದು ನೆಲದ ಕಪಾಟಿನಲ್ಲಲ್ಲ. ನೆರೆಯ ನೀರು ಮುಟ್ಟದ ಎತ್ತರದಲ್ಲಿ, ಕತ್ತಲೆಯಲ್ಲಿಯೂ ದೊಡ್ಡವರ ಕೈಗೆ ಸಿಗುವ, ಎಳೆಯರ ಕೈಗೆ ಎಟುಕದ ಮೊಳೆಯ ಮೇಲೆ. ಮಳೆಗಾಲ ಕಳೆದ ಬಳಿಕ ಅದರಲ್ಲಿ ಉಳಿದ ಕಡ್ಡಿಗಳನ್ನು ದೀಪಾವಳಿಯ ಹಣತೆಗಳಿಗೆ ಬಳಸಿ, ಮುಂದಿನ ಮೇ ತಿಂಗಳಲ್ಲಿ ಹೊಸ ಪೊಟ್ಟಣಗಳನ್ನು ಇಡಬಹುದು.