ನೂರರಲ್ಲಿ ಏಳು ಕಳೆದರೆ?

ನೂರರಲ್ಲಿ ಏಳು ಕಳೆದರೆ ಎಷ್ಟು? ಉಳಿದದ್ದರಲ್ಲಿ ಮತ್ತೆ ಏಳು ಕಳೆದರೆ?

1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿ ಮತ್ತು ಪಾಲ್ ಮೆಕ್‌ಹ್ಯೂ ಪ್ರಕಟಿಸಿದ 30 ಅಂಕಗಳ ಪರೀಕ್ಷೆಯಲ್ಲಿ ಇಂಥ ಪ್ರಶ್ನೆಗಳಿದ್ದವು. ಒಂದು ವಾಕ್ಯ ಬರೆಯಬೇಕು, ಒಂದನ್ನೊಂದು ಛೇದಿಸುವ ಎರಡು ಪಂಚಕೋನ ನೋಡಿ ಬಿಡಿಸಬೇಕು. ಮರೆವಿನ ಕಾಯಿಲೆಯ (ಡಿಮೆನ್ಷಿಯಾ) ಸುಳಿವು ಹಿಡಿಯಲು ಅನೇಕ ದೇಶಗಳ ವೈದ್ಯರು ಇದನ್ನೇ ನೆಚ್ಚಿಕೊಂಡರು.

ಪುಣೆಯ ಬಿಬವೇವಾಡಿಯಲ್ಲಿ ಮಗನ ಮನೆ ಸೇರಿದ, ವಿಜಯಪುರದ ಕಡೆಯ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ಪಕ್ಕದ ಮಾರ್ಕೆಟ್ ಯಾರ್ಡ್‌ನಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡಿ, ಚಿಲ್ಲರೆ ಎಣಿಸಿಕೊಂಡು, ಮನೆಗೆ ಬಂದು ಕನ್ನಡದಲ್ಲಿ ಲೆಕ್ಕ ಒಪ್ಪಿಸುವವರು. ಶಾಲೆಯ ಮೆಟ್ಟಿಲು ಹತ್ತಿಲ್ಲ. ಅವರ ಕೈಗೆ ಪೆನ್ನು ಕೊಟ್ಟರೆ ಅಂಕ ಇಳಿಯುತ್ತದೆ. ಅಕ್ಷರ ಕಲಿಯದ್ದಕ್ಕೆ ಮರೆವಿನ ಹಣೆಪಟ್ಟಿ ಬೀಳುತ್ತದೆ.

ಈ ಅನ್ಯಾಯವನ್ನು ತಿದ್ದುವ ಕೆಲಸ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆಯಿತು. ಮೇರಿ ಗಂಗೂಲಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಆ ಪರೀಕ್ಷೆಯ ಹಿಂದಿ ಆವೃತ್ತಿಯಲ್ಲಿ ವಾಕ್ಯ ಬರೆಯುವ ಬದಲು ‘ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ’ ಎಂಬ ಮಾತು ಬಂತು. ‘ಕಣ್ಣು ಮುಚ್ಚಿ’ ಎಂಬ ಬರಹ ಓದಿಸುವ ಬದಲು, ಪರೀಕ್ಷಕರೇ ಕಣ್ಣು ಮುಚ್ಚಿ ತೋರಿಸಿ ಹಾಗೆಯೇ ಮಾಡಿ ಎಂದರು.

ಮುಂದಿನ ಹೆಜ್ಜೆ ಕಂಪ್ಯೂಟರಿನದು. ಅಮೆರಿಕದ ಎಂಐಟಿ ಮತ್ತು ಲೇಹೀ ಆಸ್ಪತ್ರೆಯವರು ಗಡಿಯಾರದ ಚಿತ್ರ ಬಿಡಿಸುವ ಹಳೆಯ ಪರೀಕ್ಷೆಗೆ ಡಿಜಿಟಲ್ ಪೆನ್ನು ಕೊಟ್ಟರು. ಅದು ತನ್ನ ಜಾಗವನ್ನು ಸೆಕೆಂಡಿಗೆ 80 ಸಲ ಗುರುತಿಸಿಕೊಳ್ಳುತ್ತದೆ. ಬಿಡಿಸಿ ಮುಗಿಸಿದ ಗಡಿಯಾರ ಸರಿಯಾಗಿಯೇ ಕಂಡರೂ, ಮುಳ್ಳು ಎಳೆಯುವ ಮುನ್ನ ಕೈ ಎಷ್ಟು ಹೊತ್ತು ತಡೆದು ನಿಂತಿತು ಎಂಬುದು ಅದರಲ್ಲಿ ದಾಖಲಾಗುತ್ತದೆ. ಕಾಗದಕ್ಕೆ ಕಾಣದ ತಡವರಿಕೆ ಅದು.

ಇದೇ ಹಾದಿ ಕೋಲಾರ ಜಿಲ್ಲೆಯ ಮಾವಿನ ತೋಪುಗಳ ನಾಡನ್ನೂ ಮುಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದೀರ್ಘ ಅಧ್ಯಯನ ಆರಂಭಿಸಿತು. 45 ವರ್ಷ ದಾಟಿದ 10,000 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಗಮನಿಸುವುದು ಗುರಿ. ರಕ್ತಪರೀಕ್ಷೆ, ಎಂಆರ್‌ಐ ಜೊತೆಗೆ, ಫ್ರಾನ್ಸ್‌ನಲ್ಲಿ ಹುಟ್ಟಿ ಇಲ್ಲಿಗೆ ಒಗ್ಗಿಸಿದ ‘ಕಾಗ್ನಿಟೊ’ ಎಂಬ ಕಂಪ್ಯೂಟರ್ ಪರೀಕ್ಷೆಯೂ ಇದೆ. ಪರದೆ ಮುಟ್ಟಿದರೆ ಸಾಕು, ಪೆನ್ನು ಬೇಕಿಲ್ಲ. ಅಧ್ಯಯನಕ್ಕೆ ಸೇರಿದವರು ಮರಳಿ ಬಂದಾಗ ಅವರ ಅಂಕವನ್ನು ಅವರದೇ ಹಳೆಯ ಅಂಕದ ಪಕ್ಕದಲ್ಲಿಟ್ಟು ನೋಡಬಹುದು. ನಿಧಾನವಾಗಿ ಜಾರುವ ನೆನಪನ್ನು ಹಿಡಿಯಲು ಇದಕ್ಕಿಂತ ನ್ಯಾಯವಾದ ಅಳತೆಗೋಲು ಸಿಗುವುದು ಕಷ್ಟ.

ಇದರ ತುರ್ತು ದೊಡ್ಡದು. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಾದೊಂದಿಗೆ ಬದುಕುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿತು. ಹಾಗೆಂದು ಪರದೆಯ ಅಂಕವೇ ಕಾಯಿಲೆಯ ತೀರ್ಪಾಗದು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ನೆನಪು ಮಂಕಾಗುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ಸುಳಿವು ಬೇಗ ಸಿಕ್ಕಷ್ಟೂ ಅವನ್ನು ಬೇಗ ಹುಡುಕಬಹುದು.

ಬಿಬವೇವಾಡಿಯ ಅಜ್ಜಿಯ ಎರಡು ಭಾಷೆಗೂ ಇಲ್ಲಿ ಬೆಲೆಯಿದೆ. ಮುಂದೆ ನಿಮ್ಹಾನ್ಸ್ ಸೇರಿದ ನರತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಹೇಳಿದ್ದು ಇದು: ಒಂದೇ ಭಾಷೆ ಬಲ್ಲವರಿಗಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ಅಂತರ ಕಂಡಿತು. ಆ ಅಜ್ಜಿಯ ಮುಂದೆ ಪರದೆ ಇಡುವವರು ಮೊದಲು ಕೇಳಬೇಕಾದದ್ದು, ಕನ್ನಡವೋ ಮರಾಠಿಯೋ ಎಂದು.